ಕೀಗೆ ಕ್ಯಾಪ್ ಹಾಕಿ ಅಂದರೆ ನನಗೇ ಟೋಪಿ ಹಾಕಿದರು

ನಾನು ಧಾರವಾಡದಲ್ಲಿ ಡಿಟಿಪಿ ಮಾಡುವವನು. ಇಪ್ಪತ್ತು ವರ್ಷದಿಂದ ಕೀಬೋರ್ಡ್ ಕುಟ್ಟಿಯೇ ಹೊಟ್ಟೆ ಹೊರೆದಿದ್ದೇನೆ. ಅಂಥವನು ಬೆರಳುದ್ದದ ಒಂದು ತಂತಿಯ ವಿಷಯದಲ್ಲಿ ಮೋಸ ಹೋದೆ. ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳುತ್ತೇನೆ, ಇನ್ನೊಬ್ಬರ ದುಡ್ಡಾದರೂ ಉಳಿಯಲಿ.

ನನ್ನದು ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಒಂದೊಂದು ಕೀಗೂ ಬೇರೆ ಬೇರೆ ಸ್ವಿಚ್. ಅದರ ಮೇಲೆ ಸ್ವಲ್ಪ ಚಹಾ ಚೆಲ್ಲಿತ್ತು. ಒರೆಸೋಣ ಅಂತ ಕೀಗಳ ಮೇಲಿನ ಕ್ಯಾಪ್ ಎಲ್ಲ ಕಿತ್ತೆ. ಸಣ್ಣವು ಒತ್ತಿದ ಕೂಡಲೇ ಕೂತವು. ಸ್ಪೇಸ್ ಹೇಗೋ ಕೂತಿತು. ಎಡಗಡೆ ಶಿಫ್ಟ್ ಮತ್ತು ಎಂಟರ್ ಮಾತ್ರ ಏನು ಮಾಡಿದರೂ ಕೂಡಲಿಲ್ಲ. ಕೆಳಗೊಂದು ತಂತಿ ಅಡ್ಡ ಬರುತ್ತಿತ್ತು, ಸ್ಟೆಬಿಲೈಜರ್ ಅನ್ನುತ್ತಾರಂತೆ ಅದಕ್ಕೆ. ಲಗ್ನದ ಸೀಸನ್, ಕಾರ್ಡಿನ ಕೆಲಸ ತಲೆ ಮೇಲೆ. ಫೋಟೋ ತೆಗೆದು ಹುಬ್ಬಳ್ಳಿಯ ಒಂದು ಅಂಗಡಿಗೆ ವಾಟ್ಸಾಪ್ ಮಾಡಿದೆ. "ತಗೊಂಡ ಬರ್ರಿ ಸರ" ಅಂದರು. ಚಿಗರಿ ಬಸ್ ಹತ್ತಿ ಹೋದೆ.

ಹುಡುಗ ಒಂದು ಕ್ಷಣ ನೋಡಿದ. "ಸ್ಟೆಬಿಲೈಜರ್ ಹೋಗೇತ್ರಿ ಸರ. ಹೊಸಾ ಸೆಟ್ ಬೆಂಗಳೂರಿಂದ ತರಸಬೇಕು. ನಿಮಗಂತ ಒಂಬತ್ತನೂರು." ಈ "ನಿಮಗಂತ" ಅನ್ನೋ ಮಾತು ಕೇಳಿದಾಗಲೇ ಎದ್ದು ಬರಬೇಕಿತ್ತು. ಬರಲಿಲ್ಲ.

ನಾಲ್ಕು ದಿನ ಬಿಟ್ಟು ಹೋದೆ. ನನ್ನ ಮುಂದೆಯೇ ನೋಟ್‌ಪ್ಯಾಡ್ ತೆರೆದು ಶಿಫ್ಟ್‌ನ ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿದ. ದೊಡ್ಡ ಎ ಬಂತು. "ನೋಡ್ರಿ, ಹೂ ಇದ್ದಂಗ ಐತಿ." ನಾನೂ ತಲೆ ಆಡಿಸಿದೆ. ದುಡ್ಡು ಎಣಿಸಿ ಕೊಟ್ಟೆ. ಬಿಲ್ ಕೇಳಲಿಲ್ಲ. ಬಿಲ್ ಕೇಳಲಿಲ್ಲ ನೋಡಿ, ಅಷ್ಟು ಜಾಣ ನಾನು.

ಮನೆಗೆ ಬಂದು ಕಾರ್ಡ್ ಟೈಪ್ ಮಾಡಿದೆ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಶಿಫ್ಟ್ ಇಲ್ಲದಿದ್ದರೆ ದೀರ್ಘವಿಲ್ಲ, ಮಹಾಪ್ರಾಣವಿಲ್ಲ, ಳ ಹೋಗಿ ಲ ಆಗುತ್ತದೆ. ಕಿರುಬೆರಳು ಬೀಳುವುದು ಕೀಯ ತುದಿಗೆ, ನಡುವಿಗಲ್ಲ. ತುದಿ ಒತ್ತಿದರೆ ಕ್ಯಾಪ್ ವಾಲುತ್ತದೆ, ಸಿಕ್ಕಿಕೊಳ್ಳುತ್ತದೆ, ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಅವಸರದಲ್ಲಿ ಪ್ರೂಫ್ ಕಳಿಸಿಬಿಟ್ಟೆ. ಹುಡುಗಿಯ ತಂದೆ ಫೋನ್ ಮಾಡಿದರು: "ಅಲ್ರೀ, ನಮ್ಮೂರು ಹೊಸಹಳ್ಳಿ. ನೀವು ಹೊಸಹಲ್ಲಿ ಮಾಡೀರಿ. ಲಗ್ನದ ಕಾರ್ಡಿನ ಮ್ಯಾಲೆ ಹಲ್ಲಿ ಬೀಳಸೀರಲ್ರಿ!" ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕ್ಯಾಪ್ ಎತ್ತಿ ನೋಡಿದೆ. ತಂತಿಯೇ ಇಲ್ಲ! ಸೆಟ್ ಬದಲಿಸಿದ್ದೇನೆ ಅಂದವನು ಇದ್ದ ತಂತಿಯನ್ನೂ ಕಿತ್ತುಬಿಟ್ಟಿದ್ದ. ಅಡ್ಡ ಬರುವುದು ತಪ್ಪಿತು, ಕ್ಯಾಪ್ ಕೂತಿತು, ಅಷ್ಟೇ ರಿಪೇರಿ. ತಂತಿ ಕೂಡುವ ಜಾಗದಲ್ಲಿ ನನ್ನದೇ ಚಹಾದ ಕಲೆ ಹಾಗೇ ಇದೆ. ಎಂಟರ್ ಎತ್ತಲು ಹೋದರೆ ಜಪ್ಪಯ್ಯ ಅಂದರೂ ಏಳುತ್ತಿಲ್ಲ. ಬಗ್ಗಿ ನೋಡಿದರೆ ಒಳಗೆ ಫೆವಿಕ್ವಿಕ್ಕಿನ ಬಿಳಿ ಕಲೆ.

ಫೋನ್ ಮಾಡಿದೆ. ತಂತಿ ಎಲ್ಲಿ ಅಂದೆ.

"ಯಾವ ತಂತಿ ಸರ?"

ಶಿಫ್ಟ್ ಕೆಳಗಿನದು.

"ಈಗಿನ ಕೀಬೋರ್ಡಿನ್ಯಾಗ ತಂತಿ ಇರಂಗಿಲ್ರಿ."

ಮತ್ತೆ ಬಲಗಡೆ ಶಿಫ್ಟ್‌ಗೆ ಇದೆಯಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೀವ ಬಿಚ್ಚಿ ತಂದಿದ್ರಿ. ಮನ್ಯಾಗ ಬಿದ್ದಿರಬೇಕು ನೋಡ್ರಿ." ನಾನೇ ಕಳಿಸಿದ್ದ ಫೋಟೋ ಅವನಿಗೇ ತಿರುಗಿ ಕಳಿಸಿದೆ, ತಂತಿಗೆ ಕೆಂಪು ಗುರುತು ಹಾಕಿ. ನೀಲಿ ಟಿಕ್ ಬಂತು. ಉತ್ತರ ಇವತ್ತಿಗೂ ಇಲ್ಲ.

ಗದಗಿನಲ್ಲಿರುವ ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. "ಇದಕ್ಕ ರೊಕ್ಕ ಕೊಟ್ಟ ಬಂದ್ರೇನು ಮಾಮಾ?" ಅಂದ. ಎರಡು ನಿಮಿಷದ ಕೆಲಸವಂತೆ. 104 ಕೀಯ ಬೋರ್ಡಿನಲ್ಲಿ ಉದ್ದದ ಕೀ 8 ಇರುತ್ತವೆ. ಸ್ವಿಚ್ ಇರುವುದು ನಡುವೆ ಮಾತ್ರ. ಒಂದು ತುದಿ ಒತ್ತಿದರೆ ಇನ್ನೊಂದೂ ಜೊತೆಗೆ ಇಳಿಯಲಿ ಅಂತ ಈ ತಂತಿ. ನನ್ನದರಲ್ಲಿ ಕ್ಯಾಪ್ ಒಳಗೆ ಎರಡು ಪ್ಲಾಸ್ಟಿಕ್ ಕೊಂಡಿ ಇವೆ. ಕ್ಯಾಪ್ ಓರೆ ಹಿಡಿದು ತಂತಿಯ ಒಂದು ತುದಿಯನ್ನು ಒಂದು ಕೊಂಡಿಗೆ ಸಿಕ್ಕಿಸಬೇಕು, ಆಮೇಲೆ ಇನ್ನೊಂದನ್ನು. ಕಡೆಗೆ ನಡುವೆ ಒತ್ತಿದರೆ ಟಕ್ ಅನ್ನುತ್ತದೆ. ನಾನು ಮೊದಲೇ ನಡುವೆ ಒತ್ತುತ್ತಿದ್ದೆ, ಅದೇ ತಪ್ಪು. ನಿಮ್ಮದರಲ್ಲಿ ಒಂದೇ ಸಾಲಿಗೆ ಮೂರು ಪ್ಲಸ್ ಆಕಾರದ ಕಡ್ಡಿ ಕಂಡರೆ ಸಿಕ್ಕಿಸುವ ಗೋಜೇ ಇಲ್ಲ. ಮೂರನ್ನೂ ನೇರ ಹಿಡಿದು ಒತ್ತಿ, ಸಾಕು.

ಅಂಗಡಿಗೆ ಕೊಡಲೇಬೇಕು ಅಂದರೆ ತಂತಿಯ ಫೋಟೋ ಇಟ್ಟುಕೊಳ್ಳಿ. ವಾಪಸ್ ತರುವಾಗ ಉದ್ದದ ಕೀಗಳ ಎರಡೂ ತುದಿ ಒತ್ತಿ ನೋಡಿ. ಅಂಗಡಿಯವನು ನಡುವೆ ಒತ್ತಿ ತೋರಿಸಿದರೆ ನಂಬಬೇಡಿ. ಬಿಲ್ ಕೇಳಿ. ಅಂಟಿನ ಬಾಟಲಿ ಕಂಡರೆ ಕೀಬೋರ್ಡ್ ಕಸಿದುಕೊಂಡು ಬನ್ನಿ.

ಶಿಫ್ಟ್ ಈಗ ಸರಿ ಇದೆ. ನಂಬರ್ ಪ್ಯಾಡಿನ ಪ್ಲಸ್ ಕೀಗೂ ಎಡಗಡೆ ಶಿಫ್ಟ್‌ಗೂ ತಂತಿಯ ಅಳತೆ ಒಂದೇ. ಅದನ್ನು ತೆಗೆದು ಇದಕ್ಕೆ ಹಾಕಿದೆ. ಎಂಟರ್ ಅಂಟಿಕೊಂಡೇ ಇದೆ, ಕಿತ್ತರೆ ಒಡೆಯುತ್ತದೆ. ಪ್ಲಸ್ ವಾಲಾಡುತ್ತದೆ. ಕಾರ್ಡಿನ ಬಿಲ್ ಕೂಡಿಸುವಾಗ ನಟ್ಟನಡುವೆಯೇ ಒತ್ತುತ್ತೇನೆ, ಥೇಟ್ ಆ ಹುಡುಗನ ಹಾಗೆ.