ಎಫ್-35: ವಿಮಾನ ಚೆನ್ನಾಗಿದೆ, ಜುಟ್ಟು ಮಾತ್ರ ಅವರ ಕೈಯಲ್ಲಿ

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35 ಯುದ್ಧ ವಿಮಾನ ಬಂದಿತ್ತು. ದೂರದಿಂದಲೇ ನೋಡಿದೆ. ಚಕ್ರ ಒಳಗೆ ಹೋಗುವ ಬಾಗಿಲುಗಳ ಅಂಚು ಗರಗಸದ ಹಲ್ಲಿನ ಹಾಗಿದೆ. ಶತ್ರುವಿನ ರೇಡಾರ್ ಅಲೆ ಬಂದ ಕಡೆಗೇ ವಾಪಸ್ ಹೋಗಿ ವಿಮಾನ ಸಿಕ್ಕಿಬೀಳಬಾರದು ಅಂತ ಹಾಗೆ ಮಾಡಿದ್ದಾರೆ. ಅಷ್ಟು ಸಣ್ಣ ಜಾಗದಲ್ಲೂ ಅಷ್ಟು ಯೋಚನೆ! ಯಂತ್ರಕ್ಕೆ ನಾನು 10ಕ್ಕೆ 9 ಕೊಡುತ್ತೇನೆ.

ಕೊಂಡ ಮೇಲಿನ ಬದುಕಿಗೆ 4 ಕೊಟ್ಟರೆ ಜಾಸ್ತಿ. ಬಿಡಿಭಾಗ, ಸಾಫ್ಟ್‌ವೇರ್ ಎಲ್ಲಕ್ಕೂ ಅಮೆರಿಕದ ಕಡೆ ನೋಡಬೇಕು. ಶತ್ರುವಿನ ಯಾವ ರೇಡಾರ್ ಎಂಥ ಸಿಗ್ನಲ್ ಬಿಡುತ್ತದೆ ಎಂದು ವಿಮಾನಕ್ಕೆ ತಿಳಿಸುವ ಫೈಲುಗಳಿವೆಯಲ್ಲ, ಹೆಚ್ಚಿನ ಮಿತ್ರ ದೇಶಗಳಿಗೆ ಅವು ಕೂಡ ತಯಾರಾಗುವುದು ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿ. ದೂರದಿಂದ ವಿಮಾನ ಆಫ್ ಮಾಡುವ ಗುಟ್ಟಿನ ಸ್ವಿಚ್ ಇದೆ ಅಂತ ಸುದ್ದಿ ಹಬ್ಬಿತ್ತು, ಅದನ್ನು ನಾನು ನಂಬುವುದಿಲ್ಲ. ಅದರ ಅಗತ್ಯವೇ ಇಲ್ಲ, ಬಿಡಿಭಾಗ ನಿಲ್ಲಿಸಿದರೆ ಸಾಕಲ್ವಾ?

ಡೆನ್ಮಾರ್ಕ್ ನೋಡಿ. 27 ಎಫ್-35 ಕೊಂಡಿತು. ಆಮೇಲೆ ಅದೇ ಅಮೆರಿಕದ ಅಧ್ಯಕ್ಷರು ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ನಮಗೆ ಬೇಕು ಅಂದರು. ಡೆನ್ಮಾರ್ಕಿನ ಸಂಸದ ರಾಸ್ಮುಸ್ ಯಾರ್ಲೋವ್ ಈ ಖರೀದಿಗೆ ಬೆಂಬಲ ಕೊಟ್ಟಿದ್ದಕ್ಕೆ 2025ರಲ್ಲಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಅದೇ ವರ್ಷ ಡೆನ್ಮಾರ್ಕ್ ಇನ್ನೂ 16 ಕೊಳ್ಳಲು ತೀರ್ಮಾನಿಸಿತು! ಪೈಲಟ್‌ಗಳ ತರಬೇತಿ, ಹ್ಯಾಂಗರು, ಪಕ್ಕದ ನಾರ್ವೆಯ ಜೊತೆಗಿನ ಹೊಂದಾಣಿಕೆ ಎಲ್ಲ ಇದೇ ವಿಮಾನಕ್ಕೆ ಅಂಟಿಕೊಂಡಿರುವಾಗ ಹೊರಗೆ ಬರುವುದು ಸುಲಭವಿಲ್ಲ. ಕೆನಡಾ ಕೂಡ 88 ವಿಮಾನಗಳ ಒಪ್ಪಂದವನ್ನು ಮತ್ತೆ ತೂಗಿ ನೋಡಲು ಹೊರಟಿತು. ಬದಲಿಗೆ ಸ್ವೀಡನ್ನಿನ ಗ್ರಿಪೆನ್ ಇ ತೆಗೆದುಕೊಳ್ಳಿ ಅನ್ನುವವರಿದ್ದಾರೆ, ಅದರ ಎಂಜಿನ್ನೂ ಅಮೆರಿಕದ್ದೇ.

ಇಸ್ರೇಲ್ ಮಾತ್ರ ಹಟ ಹಿಡಿದು ತನ್ನದೇ ಎಲೆಕ್ಟ್ರಾನಿಕ್ಸ್ ಹಾಕಿಸಿಕೊಂಡಿತು. ಆ ಸಲುಗೆ ಎಲ್ಲರಿಗೂ ಇರುವುದಿಲ್ಲ. 1990ರಲ್ಲಿ ಅಮೆರಿಕ ನಿರ್ಬಂಧ ಹೇರಿದಾಗ ಪಾಕಿಸ್ತಾನ ದುಡ್ಡು ಕಟ್ಟಿದ್ದ ಎಫ್-16ಗಳು ಅರಿಜೋನಾದ ಮರುಭೂಮಿಯಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿದ್ದವು.

ಹಾಗಾಗಿ ನಮಗೆ ಎಫ್-35 ಬೇಕು ಅನ್ನುವ ಗೆಳೆಯರಿಗೆ ನಾನು ತೇಜಸ್ ತೋರಿಸುತ್ತೇನೆ. ನಮ್ಮೂರಲ್ಲೇ, ಎಚ್‌ಎಎಲ್‌ನಲ್ಲಿ ತಯಾರಾಗುವ ವಿಮಾನ ಅದು, ನನಗೆ ತುಂಬಾ ಹೆಮ್ಮೆ. ಆದರೆ ಅದರ ಎಂಜಿನ್ನೂ ಅಮೆರಿಕದ್ದೇ. ತೇಜಸ್‌ನ ಸುಧಾರಿತ ಮಾದರಿ ಮಾರ್ಕ್-1ಎಗೆ ಅಂತ 2021ರಲ್ಲಿ 99 ಅಮೆರಿಕನ್ ಎಂಜಿನ್‌ಗೆ ಆರ್ಡರ್ ಕೊಟ್ಟೆವು. ಮೊದಲನೆಯದು ಕೈಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಕಟ್ಟಿಟ್ಟ ವಿಮಾನಗಳು ಎಂಜಿನ್ ದಾರಿ ಕಾಯುತ್ತಾ ನಿಂತಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.