ತಂತಿ ಅಡಗಿಸಲು ಹೋಗಿ ಗೋಡೆಯನ್ನು ಎರಡು ಸಲ ಒಡೆಸಿದೆ

ಹೋಮ್ ಥಿಯೇಟರಿನ ತಂತಿಗಳನ್ನು ಗೋಡೆಯೊಳಗೆ ಹೂಳಿಸಬೇಕೆಂದಿರುವವರು ಕಟಿಂಗ್ ಯಂತ್ರ ಮನೆಯೊಳಗೆ ಬರುವ ಮೊದಲೇ ಇದನ್ನು ಓದಿ.

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಹಿಂಬದಿಯ ಸ್ಪೀಕರುಗಳ ತಂತಿ ನೆಲದ ಮೇಲೆಯೇ ಹಾದುಹೋಗಿತ್ತು. ನೆಲ ಒರೆಸುವಾಗಲೆಲ್ಲ ಹೆಂಡತಿಯ ಗೊಣಗಾಟ. ಒಂದು ದಿನ ಅಮ್ಮನೂ ಎಡವಿದರು. ಹೇಗೂ ಬಣ್ಣ ಹೊಡೆಸುವುದಿತ್ತು. ನಮ್ಮ ಬೀದಿಯ ನೀರಿನ ಮೋಟರುಗಳನ್ನೆಲ್ಲ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಬಂದು, ಗೋಡೆಯನ್ನೊಮ್ಮೆ ತಟ್ಟಿ, "ಒಂದು ದಿನದ ಕೆಲಸ ಸಾರ್, ಒಂದೆಳೆಯೂ ಕಾಣುವುದಿಲ್ಲ" ಎಂದ. ಕಾಣಲಿಲ್ಲ, ನಿಜ. ಕೆಲಸ ನಡೆದ ದಿನ ನಾನು ಕಚೇರಿಯಲ್ಲಿದ್ದೆ.

ಹದಿನೈದು ದಿನಗಳ ಬಳಿಕ ಅಪ್ಪನ ಫೋಟೋ ತೂಗುಹಾಕಲು ಡ್ರಿಲ್ ಮಾಡಿಸಿದೆವು. ಅಂದು ಸಂಜೆಯಿಂದ ಆಂಪ್ಲಿಫೈಯರ್ ಹಾಕಿದ ಕೂಡಲೇ ಟಕ್ಕೆಂದು ಆರಿಹೋಗತೊಡಗಿತು. ದುರಸ್ತಿಗೆ ಬಂದ ಹುಡುಗ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಮಲ್ಟಿಮೀಟರ್ ಹಿಡಿದ. ಎಡ ಸ್ಪೀಕರಿನ ಎರಡೂ ಎಳೆಗಳು ಗೋಡೆಯೊಳಗೆ ಒಂದಕ್ಕೊಂದು ತಾಗಿದ್ದವು. ಗೋಡೆಯಲ್ಲಿನ ಬಾಕ್ಸಿನಿಂದ ನೆಟ್ಟಗೆ ಮೇಲಕ್ಕೋ ಅಡ್ಡಕ್ಕೋ ಹೋಗಬೇಕಿದ್ದ ತಂತಿಯನ್ನು, ಒಂದೆರಡು ಮೀಟರ್ ಉಳಿಸಲು, ಎಲೆಕ್ಟ್ರಿಷಿಯನ್ ಓರೆಯಾಗಿ ಎಳೆದಿದ್ದ. ಪೈಪೂ ಇಲ್ಲ, ಗಾರೆಯೊಳಗೆ ಬರಿಯ ತಂತಿ. ಡ್ರಿಲ್ ನೇರವಾಗಿ ಅದರ ಮೇಲೆಯೇ ಇಳಿದಿತ್ತು.

ಅಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಹುಡುಗ ಬಲಗಡೆಯ ಬಾಕ್ಸ್ ಬಿಚ್ಚಿದವನು ಸ್ಕ್ರೂಡ್ರೈವರನ್ನು ಕೆಳಗಿಟ್ಟು, "ಮೊದಲು ಮೇನ್ ಆಫ್ ಮಾಡಿ ಸಾರ್" ಎಂದ. ಆ ಗೋಡೆಯಲ್ಲಿ ಪ್ಲಗ್ ಪಾಯಿಂಟಿಗೆ ಹೋಗುವ ಹಳೆಯ ಪೈಪಿತ್ತು. ಕಟಿಂಗ್ ಮಾಡುವ ಶ್ರಮ ಉಳಿಯಿತೆಂದು 230 ವೋಲ್ಟಿನ ತಂತಿಗಳ ಜೊತೆಗೇ ಸ್ಪೀಕರ್ ತಂತಿಯನ್ನೂ ಸಬ್‌ವೂಫರಿನ (ಗಡುಸು ಸದ್ದಿನ ಸ್ಪೀಕರಿನ) ಕೇಬಲನ್ನೂ ತುರುಕಲಾಗಿತ್ತು. ಸಬ್‌ವೂಫರ್ ಸದಾ ಗುಂಯ್ ಎನ್ನುತ್ತಿದ್ದುದು ಮನೆಯ 50 ಹರ್ಟ್ಸ್ ವಿದ್ಯುತ್ತಿನ ಸದ್ದೆಂದು ಆಗ ತಿಳಿಯಿತು. ನಾನು ಅದನ್ನು ಮಾರಿದವರನ್ನು ಬೈದುಕೊಂಡಿದ್ದೆ. ಸದ್ದನ್ನಾದರೂ ಸಹಿಸಬಹುದು. ಸ್ಪೀಕರ್ ತಂತಿಯ ತೆಳ್ಳನೆಯ ಹೊದಿಕೆ ಮನೆಯ ಕರೆಂಟನ್ನು ತಡೆಯಲೆಂದು ಮಾಡಿದ್ದಲ್ಲ. ಪೈಪಿನ ಬಾಗಿನಲ್ಲಿ ಎಳೆಯುವಾಗ ಎರಡೂ ಉಜ್ಜಿ ಸುಲಿದರೆ ಸ್ಪೀಕರಿನ ಹಿಂದಿನ ಲೋಹದ ತಿರುಪಿಗೇ ಕರೆಂಟು ಬಂದೀತು. ಆ ಸ್ಪೀಕರಿಗೆ ಒರಗಿಕೊಂಡೇ ನನ್ನ ಮಗಳು ಪುಸ್ತಕ ಓದುವುದು.

ಇನ್ನು ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ 10 ಮೀಟರ್ ಎಚ್‌ಡಿಎಂಐ ಕೇಬಲ್. ಫುಲ್ ಎಚ್‌ಡಿ ಬರುತ್ತಿತ್ತು, ಅದಕ್ಕೂ ಸ್ಪಷ್ಟವಾದ 4ಕೆ ಹಾಕಿದರೆ ಪರದೆ ಕಪ್ಪು. ಮಾಮೂಲಿ ತಾಮ್ರದ ಕೇಬಲನ್ನು ಅಷ್ಟು ದೂರಕ್ಕೆ ನಂಬುವಂತಿಲ್ಲ. ಬೆಳಕಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬೇಕು, ಅದಕ್ಕೆ ಯಾವ ತುದಿ ಎಲ್ಲಿಗೆ ಎಂಬ ದಿಕ್ಕೂ ಇರುತ್ತದೆ. ಗಾರೆ ಮೆತ್ತುವ ಮೊದಲು ಒಮ್ಮೆ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಎರಡನೆಯ ಸಲ ನಾನು ರಜೆ ಹಾಕಿ ಎದುರಿಗೇ ನಿಂತೆ. ಹೊಸ ಪೈಪುಗಳು ಕರೆಂಟಿನ ಪೈಪಿನಿಂದ ಒಂದಡಿ ದೂರ, ದಾಟಲೇಬೇಕಾದಲ್ಲಿ ಅಡ್ಡವಾಗಿ. ಎಚ್‌ಡಿಎಂಐಗೆ ಬೇರೆಯೇ ಅಗಲವಾದ ಪೈಪು, ಥಟ್ಟನೆ ತಿರುಗುವ ಎಲ್ಬೋ ಹಾಕದೆ ದೊಡ್ಡ ಬಾಗುಗಳು. ಇಲ್ಲದಿದ್ದರೆ ಕೇಬಲಿನ ಮೂತಿಯೇ ಸಿಕ್ಕಿಕೊಳ್ಳುತ್ತದೆ. ಮುಂದೆ ಕೇಬಲ್ ಬದಲಿಸಲು ಒಳಗೊಂದು ಎಳೆಯುವ ತಂತಿ ಬಿಡಿಸಿದೆ. ಮುಚ್ಚುವ ಮೊದಲು ಅಳತೆಯ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದೆ. ಹಿಂಬದಿಯ ಸ್ಪೀಕರುಗಳಿಗೆ ಈ ಸಲ ಗೋಡೆ ಕೊರೆಯಲೇ ಇಲ್ಲ: ಸ್ಕರ್ಟಿಂಗ್ ಮೇಲೆ ತಂತಿ ಮುಚ್ಚುವ ಪಿವಿಸಿ ಕೇಸಿಂಗ್ ಕೂರಿಸಿ, ಗೋಡೆಯದೇ ಬಣ್ಣ ಬಳಿಸಿದೆ. ಹೇಳದಿದ್ದರೆ ಯಾರಿಗೂ ಕಾಣುವುದಿಲ್ಲ. ಇದನ್ನೇ ಮೊದಲು ಮಾಡಿದ್ದರೆ ಬಣ್ಣದ ಎರಡನೆಯ ಖರ್ಚು ಉಳಿಯುತ್ತಿತ್ತು.

ಅಪ್ಪನ ಫೋಟೋ ಎದುರು ಗೋಡೆಗೆ ಹೋಗಿದೆ. ಹಳೆಯ ಎಚ್‌ಡಿಎಂಐ ಮಾತ್ರ ಗಾರೆಯೊಳಗೇ ಇದೆ. ಎರಡೂ ತುದಿ ಕತ್ತರಿಸಿ ಪುಟ್ಟಿ ಬಳಿಸಿದ್ದೇನೆ.