ಸ್ಟ್ರಾವಾ: ಮಂಗಳೂರಿನ ಸೆಕೆಯಲ್ಲಿ ಓಡುವವರಿಗೆ ಎಷ್ಟು ಉಪಯೋಗ?

ಓಟದ ಲೆಕ್ಕ ಇಡಲು ಸ್ಟ್ರಾವಾ ಒಳ್ಳೆಯ ಆಪ್. ದಾರಿಯ ನಕ್ಷೆ, ಕಿಲೋಮೀಟರ್‌ವಾರು ಸಮಯ, ಹತ್ತಿದ ಎತ್ತರ ಎಲ್ಲ ಉಚಿತವಾಗಿಯೇ ಸಿಗುತ್ತದೆ. ತೊಂದರೆ ಇರುವುದು ಮೊದಲ ಪುಟದಲ್ಲಿ. ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಉಳಿದವರ ಓಟ.

ಅಲ್ಲಿ ಕಾಣುವ ಪೇಸ್ (ಒಂದು ಕಿಲೋಮೀಟರಿಗೆ ಹಿಡಿದ ಸಮಯ) ಸಾಮಾನ್ಯವಾಗಿ ‘ಮೂವಿಂಗ್ ಟೈಮ್’ನದ್ದು, ಅಂದರೆ ನಿಂತ ಹೊತ್ತನ್ನು ಕಳೆದ ಲೆಕ್ಕ. ಕದ್ರಿ ಗುಡ್ಡೆಯ ಏರಿನಲ್ಲಿ ನಾಲ್ಕು ಸಲ ನಿಂತು ಏದುಸಿರು ಬಿಟ್ಟವರಿಗೂ ನಿಲ್ಲದೆ ಹತ್ತಿದವರಿಗೂ ಒಂದೇ ಪೇಸ್ ಬರಬಹುದು. ಒಳಗೆ ಹೋಗಿ ‘ಎಲಾಪ್ಸ್‌ಡ್ ಟೈಮ್’, ಅಂದರೆ ಶುರುವಿನಿಂದ ಕೊನೆಯವರೆಗಿನ ಪೂರ್ತಿ ಹೊತ್ತು, ನೋಡಿದರೆ ಸತ್ಯ ಗೊತ್ತಾಗುತ್ತದೆ. ಸೆಗ್ಮೆಂಟ್‌ನಲ್ಲಿ (ಎಲ್ಲರ ಸಮಯ ಹೋಲಿಸಲು ಗುರುತು ಮಾಡಿದ ದಾರಿಯ ತುಂಡು) ಮಾತ್ರ ಇದು ಉಲ್ಟಾ, ಸಿಗ್ನಲ್‌ನಲ್ಲಿ ನಿಂತ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ರೆಕಾರ್ಡಿಂಗ್ ನಿಲ್ಲಿಸಲು ಮರೆತು ಸ್ಕೂಟರ್ ಹತ್ತಿದವರೂ ಕೆಲವೊಮ್ಮೆ ಸೆಗ್ಮೆಂಟ್‌ನ ವೇಗದ ಪಟ್ಟಿಯ, ಅಂದರೆ ಲೀಡರ್‌ಬೋರ್ಡಿನ, ತುದಿಯಲ್ಲಿರುತ್ತಾರೆ! ಅಂಥದ್ದನ್ನು ಫ್ಲ್ಯಾಗ್ ಮಾಡಬಹುದು, ಅಂದರೆ ತಪ್ಪು ಎಂದು ದೂರಬಹುದು.

ಇದಕ್ಕಿಂತ ದೊಡ್ಡ ಮೋಸ ಹವೆಯದ್ದು. ಕಬ್ಬನ್ ಪಾರ್ಕ್‌ನವರು ಓಡುವುದು ಸುಮಾರು 900 ಮೀಟರ್ ಎತ್ತರದ ತಂಪು ಬೆಳಗಿನಲ್ಲಿ. ಇಲ್ಲಿ ಏಪ್ರಿಲ್‌, ಮೇಯಲ್ಲಿ ಬೆಳಿಗ್ಗೆ 6ಕ್ಕೇ ಗಾಳಿ ಒದ್ದೆ. ಬೆವರು ಆರದೆ ಬರೀ ಇಳಿಯುತ್ತದೆ, ಮೈ ತಂಪಾಗುವುದಿಲ್ಲ. ಹೃದಯ ಸ್ನಾಯುಗಳ ಜೊತೆಗೆ ಚರ್ಮಕ್ಕೂ ಹೆಚ್ಚು ರಕ್ತ ತಳ್ಳಬೇಕಾಗಿ, ಅದೇ ಪೇಸ್‌ಗೆ ಬಡಿತ ಏರುತ್ತದೆ. ಬೆಂಗಳೂರಿನ ಗೆಳೆಯರ ಪೇಸ್ ಹಿಡಿಯಲು ಹೊರಟರೆ ಮೂರನೇ ಕಿಲೋಮೀಟರಿನಲ್ಲೇ ಸುಸ್ತು ಹೊಡೆಯುತ್ತದೆ. ಪಣಂಬೂರಿನ ಸಡಿಲ ಮರಳಿನಲ್ಲಿ ಕಾಲು ಹೂತು ವೇಗ ಇನ್ನೂ ಇಳಿಯುತ್ತದೆ. ಚಂದಾದಾರರಿಗೆ ಸಿಗುವ ‘ಗ್ರೇಡ್ ಅಡ್ಜಸ್ಟೆಡ್ ಪೇಸ್’ ಏರಿಳಿತವನ್ನಷ್ಟೇ ಸರಿದೂಗಿಸುತ್ತದೆ, ಸೆಕೆ ಮತ್ತು ಮರಳು ಅದರ ಲೆಕ್ಕದಲ್ಲಿಲ್ಲ.

ಹಾಗಾಗಿ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಆಕ್ಟಿವಿಟಿಯನ್ನು ‘ಓನ್ಲಿ ಯೂ’ಗೆ ಇಡಿ. ಲೀಡರ್‌ಬೋರ್ಡಿಗೆ ಹೋಗುವುದಿಲ್ಲ, ನಿಮ್ಮ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಹಂಚಿಕೊಳ್ಳಲೇಬೇಕಿದ್ದರೆ ಓಟವನ್ನು ಎಡಿಟ್ ಮಾಡಿ ಪೇಸ್ ಮಾತ್ರ ಮರೆಮಾಡಬಹುದು. ಯಾರ ಓಟ ಕಂಡರೆ ನಿಮ್ಮ ವೇಗ ತಪ್ಪುತ್ತದೋ ಅವರನ್ನು ಅವರ ಪ್ರೊಫೈಲ್‌ನಲ್ಲಿ ಮ್ಯೂಟ್ ಮಾಡಿ, ಅನ್‌ಫಾಲೋ ಮಾಡಿ ಮನಸ್ತಾಪ ಕಟ್ಟಿಕೊಳ್ಳುವುದು ಬೇಡ. ಹೋಲಿಸುವುದಿದ್ದರೆ ಈ ಮೇಯನ್ನು ನಿಮ್ಮದೇ ಕಳೆದ ಮೇಗೆ, ಅದೇ ದಾರಿಯಲ್ಲಿ ಹೋಲಿಸಿ. ಡಿಸೆಂಬರ್‌ನ ಪೇಸ್ ಇಲ್ಲಿ ಲೆಕ್ಕಕ್ಕಿಲ್ಲ.

2020ರ ಮೇಯಿಂದ ಪೂರ್ತಿ ಲೀಡರ್‌ಬೋರ್ಡ್ ಚಂದಾದಾರರಿಗೆ ಮಾತ್ರ, ಉಚಿತದವರಿಗೆ ಮೊದಲ ಹತ್ತು ಹೆಸರು. ಅದೊಂದಕ್ಕೇ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ.